ಊಟ ಆದ ಎರಡು ತಾಸಿಗೆ

ಮುಂಜಾನಿ ಆರೂವರೆಗೆ ನಾ ಶಟರ್ ಎತ್ತೂದಕ್ಕಿಂತ ಮೊದಲ
ಕಟ್ಟಿ ಮ್ಯಾಲ ಕುಂತಿರ್ತಾರ ಖಾಲಿ ಹೊಟ್ಟಿಯವರು.
ಕಲಬುರಗಿ, ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿ.
ಎದುರಿಗಿನ ಹೋಟೆಲಿನಾಗ ಎಣ್ಣಿ ಕಾಯ್ಲತ್ತದ.
ಮೊದಲನೇ ಘಾಣದ ಮಿರ್ಚಿ ಭಜಿ ವಾಸನಿ
ರಸ್ತಾ ದಾಟಿ ಬಂದು, ಪಾಳಿ ಹಚ್ಚದೆ,
ಎಲ್ಲರಕಿಂತ ಮುಂದ ಒಳಗ ಬಂದು ಕೂಡತದ.

"ಏನೂ ತಿಂದಿಲ್ಲ ಹೌದಿಲ್ರಿ?"
"ಇಲ್ರಿ ಮೇಡಂ. ಚಾ ಅಷ್ಟೇ. ಚಾ ಅಂದ್ರ ತಿಂದಂಗೇನ್ರಿ?"

ಬೆರಳು ಚಾಚತಾರ.
ಉಗುರಿನ ಸಂದಿಯೊಳಗ ದಾಲ್ ಮಿಲ್ಲಿನ ಹಳದಿ ಧೂಳು ಇದ್ದ ಬೆರಳು,
ರೊಟ್ಟಿ ಬಡದು ಬಡದು ಗೆರಿ ಸವದ ಬೆರಳು,
ಉಂಗುರ ಕಳೀಲಾರದಷ್ಟು ಬಾತ ಬೆರಳು.
ಚುಚ್ಚತೀನಿ. ಒಂದು ಹನಿ.
ಯಂತ್ರ ಐದು ಎಣಸೂತನಕ
ಯಾರೂ ಉಸಿರಾಡೂದಿಲ್ಲ.

ಊಟ ಆದ ಎರಡು ತಾಸಿಗೆ ಮತ್ತ ಬರತಾರ.
"ಏನುಂಡ್ರಿ?"
"ಒಂದ ರೊಟ್ಟಿರಿ. ಪುಂಡಿಪಲ್ಯ. ಅಷ್ಟ."
ಇಪ್ಪತ್ತೆರಡು ವರ್ಷದಾಗ ಈ ಊರಾಗ
ಎರಡನೇ ರೊಟ್ಟಿ ಉಂಡವರನ್ನ ನಾ ಕಂಡಿಲ್ಲ.
ಹಂಗಾದ್ರ ಓಣಿ ತುಂಬ ಕುಟ್ಟೋ ಶೇಂಗಾ ಹಿಂಡಿ ಯಾರ ತಾಟಿಗೆ ಹೋಗತದ?
ಎಣ್ಣಿಗಾಯಿ, ಬೆಲ್ಲ ಕಲಸಿದ ಮಾದಲಿ,
ಶುಕ್ರವಾರ ಮಧ್ಯಾಹ್ನದ ತಹರಿ,
ತಳ ಹತ್ತಿದ ಹುಗ್ಗಿಯ ಆ ಕರಕಲು,
ಯಾವ ಊರಿನವರು ರಾತ್ರಿ ಬಂದು ತಿಂದು ಹೋಗತಾರ?

ನಾ ಕೇಳೂದಿಲ್ಲ. ಸಂಖ್ಯಾ ಬರೀತೀನಿ.
ಅವರು ಸಂಖ್ಯಾ ನೋಡತಾರ, ಮನಿ ಮಂದಿ ಮುಖ ನೋಡಿದಂಗ,
ಆಮ್ಯಾಲ ಎದುರಿಗಿನ ಹೋಟೆಲ್ ನೋಡತಾರ.

ಅವ್ವಗ ಮಾತ್ರ ಕೇಳತಿದ್ದೆ. ದಿನಾ.
ಮನಿಯೊಳಗ ನಾನೇ ಡಾಕ್ಟರ್, ನಾನೇ ಪೊಲೀಸ್.
ಸಕ್ಕರಿ ಡಬ್ಬಿಯೊಳಗ ಸಣ್ಣದೊಂದು ಕುಣಿ ಬೀಳತಿತ್ತು,
ಹಸಿ ಬೆರಳು ಅದ್ದಿ ನೆಕ್ಕಿದ ಕುಣಿ.
ನಾ ಚುಚ್ಚೂದೂ ಅದೇ ಬೆರಳು.
"ಇಲಿ ಇರಬೇಕವ್ವ," ಅಂತಿದ್ಲು, ಸೆರಗಿಗೆ ಕೈ ಒರಸಿ.
ಡಬ್ಬಿ ಅಟ್ಟಕ್ಕ ಏರಿಸಿದೆ.
ಅಲ್ಲಿಗೆ ಆಕಿ ಕೈ ಮುಟ್ಟಲಿಲ್ಲ,
ಇಲಿನೂ ಮುಟ್ಟಲಿಲ್ಲ.

ಅವ್ವ ಹೋಗಿ ಹದಿಮೂರು ದಿನಕ್ಕ ಡಬ್ಬಿ ಇಳಿಸಿದೆ, ಬಂದವರಿಗೆ ಚಾ ಮಾಡಲಿಕ್ಕೆ.
ಸಕ್ಕರಿ ತಂಪು ಹಿಡದು ಗಟ್ಟಿಯಾಗಿತ್ತು.
ನಡುವ ಕುಣಿ ಹಂಗೇ ಇತ್ತು.
ಚಮಚ ಎಲ್ಲಿ ಹಾಕಲಿ ತಿಳೀಲಿಲ್ಲ.
ಆ ದಿನ ಎಲ್ಲರಿಗೂ ಬೆಲ್ಲದ ಚಾ.

ಇವತ್ತು ಆಟೋದ ಲಾಡ್ಲೇಸಾಬ ಬಂದಿದ್ದ.
ಮುನ್ನೂರ ಹತ್ತು ಇದ್ದದ್ದು ನೂರ ನಲವತ್ತಕ್ಕ ಇಳದದ.
ಖುಷಿಗೆ ಮಹಾಗಾಂವದ ಮಾಲ್ಪುರಿ ತಂದಾನ, ಅರ್ಧ ಕಿಲೋ.
"ಶುಗರ್ ಇಳೀತು ಮೇಡಂ, ಬಾಯಿ ಸಿಹಿ ಮಾಡ್ಕೋರಿ!"
ಪಾಕ ಇಳದು ಡಬ್ಬಿ ತಳದ ರಟ್ಟು ಕಪ್ಪಾಗಿತ್ತು.

ಆಂವಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.
ಮೂರು ತಿಂಗಳಿಂದ ನನ್ನ ರಜಿಸ್ಟರಿನಾಗ
ಕಾಶೀಬಾಯಿ ಅಂತ ಒಬ್ಬಾಕಿ ಬರತಾಳ,
ವಯಸ್ಸು ನಲವತ್ತೊಂಬತ್ತು, ಊರು ಜೇವರ್ಗಿ.
ಎಲ್ಲರೂ ಹೋದ ಮ್ಯಾಲ ಬರತಾಳ.
ಎಡಗೈ ಬೆರಳು ನಾ ಹಿಡೀತೀನಿ, ಬಲಗೈಲೆ ಚುಚ್ಚತೀನಿ.
ಖಾಲಿ ಹೊಟ್ಟಿಗೆ ನೂರ ತೊಂಬತ್ತು.
ಆಕಿಗೆ ಹೇಳಬೇಕಾದ್ದೆಲ್ಲ ನನಗ ಬಾಯಿಪಾಠ,
ಹೇಳಲಿಕ್ಕೆ ಹೋದ್ರ ಕನ್ನಡಿಯೊಳಗ
ಅವ್ವನ ಸೆರಗು ಒರಸೂ ಕೈ.

ಒಂದೇ ತಿಂದೆ.
ಅಂಚು ಗರಿ, ನಡುವ ಮೆತ್ತಗ,
ನಾಲಿಗಿ ಮ್ಯಾಲ ಇಟ್ಟು ಕಣ್ಣು ಮುಚ್ಚಿದ್ರ
ಇಡೀ ಗಲ್ಲಿ ಒಂದು ಗಳಿಗಿ ಸುಮ್ಮನಾತು.
ಆಮ್ಯಾಲ ಇನ್ನೊಂದು ಅರ್ಧ.
ಉಳಿದ ಅರ್ಧ ಡಬ್ಬಿಯೊಳಗ ಒಂದೇ ಹೆಂಗಿರಬೇಕು, ಪಾಪ.

ಗಡಿಯಾರ ನೋಡಿದೆ. ಎರಡು ತಾಸು.
ರಜಿಸ್ಟರ್ ತಗದೆ, ಪೆನ್ ತಗದೆ,
ಕಾಶೀಬಾಯಿಯನ್ನ ಎದುರಿಗೆ ಕುಂದರಿಸಿ ಕೇಳಿದೆ:
"ಏನುಂಡ್ರಿ?"

"ಒಂದ ರೊಟ್ಟಿರಿ," ಅಂದ್ಲು.
"ಪುಂಡಿಪಲ್ಯ. ಅಷ್ಟ."